ಅತ್ತೆಯ ಪಿಂಗಾಣಿ ತೊಟ್ಟಿ

ಪಾತ್ರೆ ತೊಳೆಯಲು ಶುರುಮಾಡುವ ಮೊದಲು ತೊಟ್ಟಿಯ ಅಂಚಿನ ಮೇಲೆ ಎರಡೂ ಅಂಗೈ ಊರಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ನನಗೆ ಅಂಟಿಕೊಂಡಿರುವ ಒಂದು ಅಭ್ಯಾಸ. ನೋಡಿದವರು ತಲೆಸುತ್ತು ಬಂತೇನೋ ಅಂದುಕೊಳ್ಳುತ್ತಾರೆ. ಮೊನ್ನೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಹುಡುಗಿ ನಾನು ಹಾಗೆ ನಿಂತಿದ್ದನ್ನು ಕಂಡು, "ಅಜ್ಜೀ, ನೀವ್ ಕೂತ್ಕೊಳಿ, ನಾನ್ ತೊಳ್ಕೊಡ್ತೀನಿ" ಎಂದು ಓಡಿ ಬಂದಳು. ತಲೆಸುತ್ತೂ ಇಲ್ಲ ಏನೂ ಇಲ್ಲ, ಇದು ನಮ್ಮತ್ತೆಯಿಂದ ಬಂದದ್ದು ಎಂದೆ. ಅವಳು ನಕ್ಕು ಹೆಪ್ಪು ತೆಗೆದುಕೊಂಡು ಹೋದಳು. ಗುಣಗಳು ರಕ್ತದಲ್ಲಿ ಬರುತ್ತವೆ ಅನ್ನುತ್ತಾರೆ. ಅತ್ತೆಗೂ ಸೊಸೆಗೂ ಯಾವ ರಕ್ತ? ಇದು ಮುಸುರೆ ನೀರಿನಲ್ಲಿ ಬಂದಿರಬೇಕು.

ನಮ್ಮತ್ತೆಯ ಹೆಸರು ದೊಡ್ಡತಾಯಮ್ಮ. ಕಂಪಲಾಪುರದಲ್ಲಿ ಒಂದಿಷ್ಟು ರಾಗಿ ಹೊಲ, ಕೆರೆಯ ಕೆಳಗೆ ಒಂದು ತುಂಡು ಗದ್ದೆ ಇದ್ದ ಮನೆ. ಮಾವನವರು ನಾನು ಆ ಮನೆ ಸೇರುವ ಮೊದಲೇ ತೀರಿಕೊಂಡಿದ್ದರು. ಅತ್ತೆ, ನಮ್ಮ ಯಜಮಾನರು, ನಾದಿನಿ ಗೌರಿ, ಕೊನೆಗೆ ಬಂದವಳು ನಾನು, ಇಷ್ಟೇ ಜನ. ಯಜಮಾನರ ಹೆಸರು ಹೇಳುವ ರೂಢಿ ನಮ್ಮ ಕಾಲದಲ್ಲಿ ಇರಲಿಲ್ಲ. ಈಗ ಹೇಳೋಣವೆಂದರೂ ನಾಲಿಗೆ ತೊಡರುತ್ತದೆ, ಆದ್ದರಿಂದ ಬಿಟ್ಟುಬಿಡುತ್ತೇನೆ. ನನ್ನ ತವರು ಕೃಷ್ಣರಾಜನಗರ. ಆಗಿನ್ನೂ ಹೊಸದಾಗಿ ಕಟ್ಟಿದ ಊರು, ನೂಲು ಹಿಡಿದಂತೆ ನೇರವಾದ ಬೀದಿಗಳು. ಹಾಗಾಗಿ ನಾನು ಪಟ್ಟಣದವಳು ಎಂಬ ಹೆಮ್ಮೆ ನನಗಿತ್ತು. ಅಲ್ಲಿ ನೋಡಿದ್ದು ಏನು ಎಂದು ಯಾರಾದರೂ ಕೇಳಿದರೆ ಬೀದಿಗಳು ನೇರವಾಗಿವೆ ಎಂಬುದನ್ನು ಬಿಟ್ಟು ಬೇರೆ ಹೇಳಲು ನನಗೇನೂ ತೋಚುತ್ತಿರಲಿಲ್ಲ.

ಅತ್ತೆಯದು ಬೇರೆಯೇ ಜಾತಿಯ ಬುದ್ಧಿ. ಅವರು ಹೋಗಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಯಾವ ವಸ್ತು ಕಂಡರೂ ಅದರ ಹೊಟ್ಟೆಯೊಳಗೇನಿದೆ ಎಂದು ತಿಳಿಯಬೇಕು. ಮದುವೆಯಾದ ಹೊಸದರಲ್ಲಿ ನನ್ನ ತಂದೆ ಅಳಿಯನಿಗೆ ಕೊಟ್ಟ ಕೊಡೆಯನ್ನು ಬಿಚ್ಚಿ, ಕಡ್ಡಿ ಕಡ್ಡಿ ಬೇರೆ ಮಾಡಿ, ಮತ್ತೆ ಜೋಡಿಸಿಟ್ಟರು. ಅದು ಆಮೇಲೂ ಬಿಚ್ಚಿಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿರಲಿಲ್ಲ ಅಷ್ಟೇ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದರಲ್ಲ, ಅಂಥದೊಂದು ಬಸ್ಸು ನಮ್ಮೂರಲ್ಲಿ ನಿಂತಾಗ ಅತ್ತೆ ಡ್ರೈವರನ್ನು ಕರೆದು, "ಒಲೆ ಹಿಂದುಗಡೆ ಉರಿದ್ರೆ ಗಾಡಿ ಮುಂದುಕ್ಕೆ ಯಾಕಪ್ಪ ಓಯ್ತದೆ?" ಎಂದು ಕೇಳಿದ್ದರು. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. "ನಂಗೂ ಗೊತ್ತಿಲ್ಲ ಕಣವ್ವ, ಓಯ್ತದೆ, ಅದ್ಕೇ ಓಡಿಸ್ತೀನಿ" ಎಂದ. ಅದು ಆಮೇಲಿನ ಮಾತು ಬಿಡಿ.

ಇಂಥ ಹೆಂಗಸಿಗೆ ಮೊಣಕಾಲು ಹೋಗಿತ್ತು. ನಾನು ಆ ಮನೆಗೆ ಬರುವ ಮುಂಚಿನ ಮಳೆಗಾಲದಲ್ಲಿ ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದರಂತೆ. ನಾಟಿ ವೈದ್ಯರು ಪಟ್ಟು ಹಾಕಿ ಕಟ್ಟಿದರು. ಮೂಳೆ ಕೂಡಿಕೊಂಡಿತು, ಆದರೆ ಮಂಡಿ ಮಡಿಚಲೇ ಇಲ್ಲ. ನಡೆಯುವರು, ನಿಲ್ಲುವರು, ಎತ್ತರದ ಮೇಲೆ ಕೂರುವರು. ಕುಕ್ಕರಗಾಲಲ್ಲಿ ಮಾತ್ರ ಕೂರುವ ಹಾಗಿಲ್ಲ. ಇದರಲ್ಲೇನು ಮಹಾ ಎಂದು ಈಗಿನವರು ಕೇಳಬಹುದು. ಆಗ ನಮ್ಮ ಅಡುಗೆಮನೆಯೆಲ್ಲ ನೆಲದ ಮೇಲೇ ಇತ್ತು. ಒಲೆ ನೆಲದಲ್ಲಿ, ಈಳಿಗೆಮಣೆ ನೆಲದಲ್ಲಿ, ಒರಳು ನೆಲದಲ್ಲಿ. ಪಾತ್ರೆ ತಿಕ್ಕುವುದಂತೂ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಬೂದಿ, ತೆಂಗಿನ ನಾರು ಹಿಡಿದು. ಮಂಡಿ ಮಡಿಚದ ಹೆಂಗಸಿಗೆ ಅಲ್ಲಿ ಮಾಡಲು ಒಂದು ಕೆಲಸವೂ ಇರಲಿಲ್ಲ.

ಆದ್ದರಿಂದ ಅತ್ತೆ ಅಡುಗೆಮನೆಯ ಬಾಗಿಲ ಪಕ್ಕ ರಾಗಿ ಪೆಟ್ಟಿಗೆಯ ಮೇಲೆ ಕಾಲು ನೀಡಿ ಕೂತು ನನ್ನ ಕೆಲಸ ನೋಡುವರು. "ಆ ತಪ್ಪಲೆ ತಳ ನೋಡ್ಕೊ." "ನೀರು ಅಷ್ಟೊಂದು ಸುರೀಬ್ಯಾಡ." "ಅಂಗಲ್ಲ ಕಣಮ್ಮಿ, ಇಂಗೆ," ಎನ್ನುತ್ತಾ ಗಾಳಿಯಲ್ಲೇ ಕೈಯಾಡಿಸಿ ತಿಕ್ಕಿ ತೋರಿಸುವರು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಖಾಲಿ ಗಾಳಿಯಲ್ಲಿ ಪಾತ್ರೆ ತಿಕ್ಕುವ ಆ ಕೈಗಳಿಗೆ ಎಷ್ಟು ಆಸೆಯಿತ್ತು ಎಂದು ಯೋಚಿಸುವ ವಯಸ್ಸು ಆಗ ನನ್ನದಾಗಿರಲಿಲ್ಲ.

ಒಂದು ದಿನ ಅತ್ತೆಯ ತಮ್ಮ ಜವರಪ್ಪ ಹುಣಸೂರು ಸಂತೆಯಿಂದ ಬಂದವನು ಸುದ್ದಿ ತಂದ. ಹುಣಸೂರಿನ ಹೊರಗೆ ಕಾಫಿ ವ್ಯವಹಾರದ ದೊರೆಯೊಬ್ಬರ ಬಂಗಲೆ ಇತ್ತಲ್ಲ, ಆ ದೊರೆ ತನ್ನ ದೇಶಕ್ಕೆ ಹೊರಟಿದ್ದಾನೆ, ಕುರ್ಚಿ ಮೇಜಿನಿಂದ ಹಿಡಿದು ಬಾಗಿಲು ಚಿಲಕದವರೆಗೆ ಎಲ್ಲ ಹರಾಜು ಎಂದ. ನಮ್ಮ ಯಜಮಾನರಿಗೆ ಕೊಟ್ಟಿಗೆಗೆ ಒಂದು ಗಟ್ಟಿ ಬಾಗಿಲು ಬೇಕಾಗಿತ್ತು. ಹೋಗುತ್ತೇನೆಂದರು. ಪೆಟ್ಟಿಗೆಯ ಮೇಲಿಂದ ಅತ್ತೆಯ ದನಿ ಬಂತು.

"ದೊರೆಸಾನೇರು ನಿಂತ್ಕೊಂಡೇ ಅಡ್ಗೆ ಮಾಡ್ತಾರಂತೆ, ನಿಜವೇನ್ಲಾ?"

"ನಂಗೇನ್ ಗೊತ್ತಕ್ಕ, ಅವ್ರ ಅಡ್ಗೆಮನೇಗೆ ನನ್ನ ಯಾರ್ ಬುಡ್ತಾರೆ?" ಎಂದ ಜವರಪ್ಪ.

"ಈಗ ಅರಾಜು ಅಂದ್ರೆ ಬುಡ್ತಾರಲ್ಲ. ನಾನೂ ಬತ್ತೀನಿ."

ಯಜಮಾನರು ತಲೆ ಕೆರೆದುಕೊಂಡರು. ಆದರೆ ತಾಯಿ ಬಿದ್ದ ಮೇಲೆ ಮೊದಲ ಸಲ ಎಲ್ಲಿಗಾದರೂ ಹೋಗುತ್ತೇನೆಂದು ಬಾಯಿ ಬಿಟ್ಟಿದ್ದರು. ಗಾಡಿಗೆ ಹುಲ್ಲು ಹಾಸಿ ಹೊರಟೆವು. ಅತ್ತೆಯನ್ನು ಹತ್ತಿಸಿ ಇಳಿಸಲು ನಾನು ಜೊತೆಗೆ.

ಬಂಗಲೆಯ ಮುಂದೆ ಜನವೋ ಜನ. ಹುಣಸೂರಿನ ವ್ಯಾಪಾರಿಗಳು, ಮರಗೆಲಸದವರು, ಸುಮ್ಮನೆ ನೋಡಲು ಬಂದವರು. ಯಜಮಾನರು ಬಾಗಿಲುಗಳ ಕಡೆ ಹೋದರು. ಅತ್ತೆ ನನ್ನ ಭುಜ ಹಿಡಿದು ಬಂಗಲೆಯನ್ನು ಸುತ್ತಿಕೊಂಡು ನೇರ ಅಡುಗೆಮನೆಗೆ ನಡೆದರು. ಅಲ್ಲಿ ಒಬ್ಬರೇ ಒಬ್ಬರು ವಯಸ್ಸಾದ ಸಾಬರು ಚಮಚ ಒರೆಸುತ್ತಾ ನಿಂತಿದ್ದರು. ಬಾಬಾಜಾನ್ ಸಾಬರು, ದೊರೆಯ ಮನೆಯಲ್ಲಿ ಬಹಳ ಕಾಲದಿಂದ ಅಡುಗೆಯವರು. ಅತ್ತೆ ನಮಸ್ಕಾರ ಮಾಡಿ ತಮ್ಮ ಪ್ರಶ್ನೆಯನ್ನೇ ಕೇಳಿದರು.

"ದೊರೆಸಾನಿ ಇಲ್ಲಿ ನಿಂತ್ಕೊಂಡೇ ಅಡ್ಗೆ ಮಾಡ್ತಿದ್ರಾ ಸಾಬರೆ?"

ಸಾಬರು ನಕ್ಕರು. "ದೊರೆಸಾನಿ ಎಲ್ಲಿ ಬರ್ತಿದ್ರಮ್ಮ ಇಲ್ಲಿಗೆ? ನಿಂತ್ಕೊಂಡಿದ್ದು ನಾನು."

ಅತ್ತೆಗೆ ಅಷ್ಟೇ ಸಾಕಾಗಿತ್ತು. ಯಾರೋ ಒಬ್ಬರು ನಿಂತು ಮಾಡಿದ್ದಾರೆ, ಅಂದರೆ ಮಾಡಬಹುದು. ಅವರ ಕಣ್ಣು ಅಷ್ಟರಲ್ಲಿ ಗೋಡೆಯ ಕಡೆ ಹೋಗಿತ್ತು. ಕಿಟಕಿಯ ಕೆಳಗೆ, ಎರಡು ಇಟ್ಟಿಗೆ ಕಂಬಗಳ ಮೇಲೆ, ಒಂದು ಬಿಳಿ ತೊಟ್ಟಿ. ಮಗುವಿನ ತೊಟ್ಟಿಲಷ್ಟು ಉದ್ದ, ಮೊಣಕೈ ಮುಳುಗುವಷ್ಟು ಆಳ, ಹೆಬ್ಬೆರಳಿಗಿಂತ ದಪ್ಪನೆಯ ಅಂಚು. ಒಂದು ಮೂಲೆಯಲ್ಲಿ ಪಿಂಗಾಣಿಯ ಚಕ್ಕೆ ಹಾರಿಹೋಗಿತ್ತು. ಅದು ಬಿಟ್ಟರೆ ಹಾಲು ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ, ನುಣ್ಣಗೆ. ಮೇಲೆ ಹಿತ್ತಾಳೆ ನಲ್ಲಿ, ತಳದಲ್ಲಿ ಒಂದು ತೂತು.

ಅತ್ತೆ ಹತ್ತಿರ ಹೋಗಿ ಆ ಅಂಚಿನ ಮೇಲೆ ಎರಡೂ ಅಂಗೈ ಊರಿದರು. ಸುಮ್ಮನೆ ನಿಂತರು. ಅವರ ಮೊಣಕಾಲಿನ ಭಾರವೆಲ್ಲ ಕೈಗಳಿಗೆ ಇಳಿದದ್ದು ನನಗೇ ಗೊತ್ತಾಗುವ ಹಾಗೆ ಬೆನ್ನು ಸಡಿಲವಾಯಿತು. ಒಂದು ಉಸಿರು ಬಿಟ್ಟರು. ನಾನು ಕರೆದರೂ ಅಲ್ಲಾಡಲಿಲ್ಲ.

ಆಮೇಲೆ ಶುರುವಾಯಿತು ಪರೀಕ್ಷೆ. ನಲ್ಲಿ ತಿರುಗಿಸಿ ನೀರು ಬಿಟ್ಟರು. ನೀರು ತೂತಿನಲ್ಲಿ ಗುಳುಗುಳು ಎಂದು ಮಾಯವಾಯಿತು. "ಎಲ್ಲಿಗೋಯ್ತು?" ಎಂದರು. ಹಿಂದಕ್ಕೆ ಹೋಗುತ್ತದೆ ಎಂದರು ಸಾಬರು. ಹೇಳಿದರೆ ಸಾಲದು, ನೋಡಬೇಕು. ಕುಂಟುತ್ತಾ ಹೊರಗೆ ಹೋಗಿ, ಗೋಡೆಯಿಂದ ನೀರು ಬರುವ ಜಾಗ ನೋಡಿ, ಅಲ್ಲಿ ಸೊಂಪಾಗಿ ಬೆಳೆದ ಪುದೀನ ಮುಟ್ಟಿ ಮೂಸಿ ಬಂದರು.

ಅಷ್ಟರಲ್ಲಿ ಯಜಮಾನರು ಹುಡುಕಿಕೊಂಡು ಬಂದರು. ತಾಯಿಯ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ಊಟದ ಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಇನ್ನೊಂದು ತೊಟ್ಟಿ ಇತ್ತು, ಗಾಜಿನ ಲೋಟ ತೊಳೆಯಲು. ಅದರ ಮೈಮೇಲೆಲ್ಲ ನೀಲಿ ಹೂಬಳ್ಳಿ, ಎಲ್ಲೂ ಒಂದು ಗೀರಿಲ್ಲ. "ತಗೊಳಾದಾದ್ರೆ ಅದುನ್ನ ತಗೊಳವ್ವ. ಲಕ್ಷಣವಾಗದೆ. ಇದು ಮೂಲೇಲಿ ಒಡ್ದೋಗದೆ" ಎಂದರು. ನನ್ನ ಮನಸ್ಸೂ ಹೂವಿನ ಕಡೆಗೇ ಇತ್ತು. ಪಟ್ಟಣದವಳಲ್ಲವೇ!

ಅತ್ತೆ ಸಾಬರಿಂದ ಮನೆಯ ಅತಿ ದೊಡ್ಡ ತಪ್ಪಲೆ ತರಿಸಿ ಹೂವಿನ ತೊಟ್ಟಿಯಲ್ಲಿಟ್ಟರು. ಅರ್ಧ ಹೊರಗೇ ನಿಂತಿತು. ಬಿಳಿಯದರಲ್ಲಿಟ್ಟರು. ಕೂತುಕೊಂಡಿತು. "ಹೂವ ನೋಡ್ಕೊಂಡು ಮುಸುರೆ ತಿಕ್ಕಾಕಾದದೇನ್ಲಾ? ನಮ್ದು ಮುದ್ದೆ ತಿನ್ನೋ ಮನೆ" ಎಂದರು. ಹೂವಿನ ಕತೆ ಅಲ್ಲಿಗೆ ಮುಗಿಯಿತು.

ಆದರೆ ಇನ್ನೊಂದು ಮಾತು ಉಳಿದಿತ್ತು. ಅತ್ತೆ ದನಿ ತಗ್ಗಿಸಿ ಸಾಬರನ್ನು ಕೇಳಿದರು. "ಇದ್ರಲ್ಲಿ ದನದ ಮಾಂಸದ ಪಾತ್ರೆನೂ ತೊಳ್ದಿದ್ದೀರಾ?"

ಸಾಬರು ಚಮಚ ಒರೆಸುವುದನ್ನು ನಿಲ್ಲಿಸಿದರು. "ನಾನು ಸುಳ್ಳು ಹೇಳಾಕಿಲ್ಲ ಅಮ್ಮಾರೆ. ದೊರೆ ಮನೆ, ಎಲ್ಲಾನೂ ಬೇಯ್ತಿತ್ತು. ಎಲ್ಲಾ ಪಾತ್ರೆನೂ ಇದ್ರಲ್ಲೇ ತೊಳ್ದಿದ್ದೀನಿ."

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ತೊಟ್ಟಿಯನ್ನೇ ನೋಡಿದರು. ಸರಿ, ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತೇವೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಮನೇಲಿ ಅರಿಶಿನ ಅದಾ?"

ಸಾಬರು ತಂದುಕೊಟ್ಟ ಅರಿಶಿನವನ್ನು ನೀರಲ್ಲಿ ಕಲಸಿ ತೊಟ್ಟಿಯ ಒಳಮೈಗೆ ಒಂದು ಕಡೆ ಬಳಿದರು. ಪಕ್ಕದ ಮರದ ಮೇಜಿಗೂ ಒಂದು ಬೆರಳು ಬಳಿದರು. ಒಣಗಲಿ ಎಂದು ಕಾಯುತ್ತಾ ಸಾಬರ ಸಂಸಾರ ವಿಚಾರಿಸಿದರು. ದೊರೆ ಹೋದ ಮೇಲೆ ನೀವೇನು ಮಾಡುತ್ತೀರಿ ಎಂದು ಕೇಳಿದರು.

"ಹುಣಸೂರೇ ಕಣಮ್ಮ ನಮ್ದು. ಅಳಿಯ ಗಾಡಿ ಚಕ್ರಕ್ಕೆ ಪಟ್ಟಿ ಹಾಕ್ತಾನೆ, ಊಟಕ್ಕೇನೂ ತೊಂದ್ರೆ ಇಲ್ಲ. ಮನೇಲಿ ಅಡ್ಗೆ ಮಾಡ್ಕೊಂಡಿರ್ತೀನಿ ಅಂದ್ರೆ ನಮ್ಮೋಳು ಒಳಕ್ಕೇ ಬುಡಾಕಿಲ್ಲ ಅಂತಾಳೆ. ಅದು ಅವಳ ಜಾಗವಂತೆ."

"ಸರ್ಯಾಗೇ ಅಂತಾಳೆ" ಎಂದರು ಅತ್ತೆ.

ಒದ್ದೆ ಬಟ್ಟೆಯಿಂದ ಒರೆಸಿದರು. ಮೇಜಿನ ಮೇಲೆ ಹಳದಿ ಕಲೆ ಉಳಿಯಿತು. ತೊಟ್ಟಿಯಲ್ಲಿ ಏನೂ ಇಲ್ಲ, ಮೊದಲಿನ ಹಾಗೇ ಬಿಳಿ. ಅತ್ತೆ ಮಗನ ಕಡೆ ತಿರುಗಿದರು. "ನೋಡ್ದಾ? ಮರ ಕುಡೀತು. ಇದು ಕುಡೀನಿಲ್ಲ. ಒಳಕ್ಕೆ ಏನೂ ಓಗಿಲ್ಲ ಅಂದ್ಮೇಲೆ ತೊಳ್ದ್ರೆ ಓಯ್ತದೆ. ಕೂಗು ಅರಾಜು."

ಹರಾಜಿನಲ್ಲಿ ಅದಕ್ಕೆ ಎದುರಾಳಿಯೇ ಇರಲಿಲ್ಲ. ಕೊಟ್ಟಿಗೆಯ ಬಾಗಿಲನ್ನು ಮಾತ್ರ ಬೇರೆ ಯಾರೋ ಕೊಂಡುಹೋದರು. ಹೊರಡುವಾಗ ಅತ್ತೆ ಬಿದಿರಿನ ಕಡ್ಡಿಯೊಂದನ್ನು ಆ ಇಟ್ಟಿಗೆ ಕಂಬಕ್ಕೆ ಹಿಡಿದು, ತೊಟ್ಟಿಯ ಅಂಚು ಬರುವ ಎತ್ತರಕ್ಕೆ ಸರಿಯಾಗಿ ಮುರಿದು ಸೆರಗಿನಲ್ಲಿಟ್ಟುಕೊಂಡರು. "ಕೆಳಗಡೆ ಪೈಪೂ ತಗೊಂಡೋಗಿ" ಎಂದು ಸಾಬರು ಕೂಗಿ ಹೇಳಿದರು. ಕೊಳೆ ನೀರಿನ ಪೈಪು ನಮಗ್ಯಾಕೆ ಎಂದು ಯಜಮಾನರು ಬಿಟ್ಟು ಬಂದರು.

ದಾರಿಯುದ್ದಕ್ಕೂ ಜನ ಗಾಡಿ ನಿಲ್ಲಿಸಿ ಕೇಳಿದರು. ಕರುವಿಗೆ ನೀರು ಕುಡಿಸುವ ಬಾನಿಯೇ? ಬಾಣಂತಿ ಮಗುವಿಗೆ ಎರೆಯುವುದೇ? ಯಜಮಾನರು ಎತ್ತುಗಳ ಬಾಲ ನೋಡುತ್ತಾ ಕೂತಿದ್ದರು. ಅತ್ತೆ ಮಾತ್ರ ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ವಿವರಿಸಿದರು, ಪುದೀನದವರೆಗೆ.

ಮನೆಗೆ ಬಂದ ತೊಟ್ಟಿಗೆ ನಡೆದ ಶುದ್ಧಿ ನಮ್ಮ ಮನೆಯ ಯಾವ ಮನುಷ್ಯನಿಗೂ ನಡೆದಿಲ್ಲ. ಕುದಿಯುವ ನೀರು, ಬೂದಿ, ಹುಣಿಸೆಹಣ್ಣು, ಸೀಗೆಪುಡಿ, ಗಂಜಲ. ಆಮೇಲೆ ಅಂಗಳದಲ್ಲಿ ಬಿಸಿಲಿಗೆ ಬೋರಲು. ಹಸುಗಳು ಅದನ್ನು ಕಂಡು ಬೆದರಿ ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಕಡೆಗೆ ಗಾರೆಯವನು ಬಂದು ಬಿದಿರು ಕಡ್ಡಿಯ ಅಳತೆಗೆ ಕಂಬ ಕಟ್ಟಿ ಕೂರಿಸಿದ. ಪಕ್ಕದಲ್ಲಿ ಎತ್ತರದ ಕಟ್ಟೆಯ ಮೇಲೆ ಒಂದು ಹಂಡೆ, ಅದಕ್ಕೆ ಹಿತ್ತಾಳೆ ನಲ್ಲಿ. ಅತ್ತೆ ಅಂಚಿನ ಮೇಲೆ ಅಂಗೈ ಊರಿ ನಿಂತು, ನಲ್ಲಿ ತಿರುಗಿಸಿ, ಮೊದಲ ತಪ್ಪಲೆ ತೊಳೆದರು. ನೀರು ತೂತಿನಿಂದ ನೇರವಾಗಿ ಅವರ ಪಾದದ ಮೇಲೆ ಬಿತ್ತು.

"ಪೈಪು" ಎಂದರು ಅತ್ತೆ, ಮಗನನ್ನು ನೋಡದೆ.

ಯಜಮಾನರು ಗೆಣ್ಣು ಹೊಡೆದ ಬಿದಿರನ್ನು ಸಿಕ್ಕಿಸಿ ಹಿತ್ತಲಿಗೆ ನೀರು ಹಾಯಿಸಿದರು. ಅಲ್ಲಿ ಅತ್ತೆ ಕೆಸುವಿನ ಗೆಡ್ಡೆ ನೆಟ್ಟರು. ತೊಟ್ಟಿಯ ಜೊತೆ ಬದುಕುವುದನ್ನು ನಾವು ನಿಧಾನವಾಗಿ ಕಲಿತೆವು. ಮಣ್ಣಿನ ಗಡಿಗೆ ಅದಕ್ಕೆ ತಾಕಿದರೆ ಒಡೆಯುತ್ತಿತ್ತು, ತಳಕ್ಕೆ ಹುಲ್ಲಿನ ಸಿಂಬೆ ಹಾಕಿದೆವು. ಎಮ್ಮೆಗೆ ಕಲಗಚ್ಚು ಇಲ್ಲವಾಯಿತು, ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವುದು ರೂಢಿಯಾಯಿತು. ಬಿದಿರಿನೊಳಗಿಂದ ಕಪ್ಪೆಯೊಂದು ಮೇಲೆ ಬಂದು ತೊಟ್ಟಿಯ ನಡುವೆ ಕೂತಿರುತ್ತಿತ್ತು. ಓಡಿಸಿದರೆ ಬಂದ ದಾರಿಯಲ್ಲೇ ಇಳಿದು ಹೋಗುತ್ತಿತ್ತು. ಗೋಡೆ ನೋಡಿಕೊಂಡು ಕೆಲಸ ಮಾಡುವುದು ಬೇಜಾರು ಎಂದು ಅತ್ತೆ ಅದನ್ನು ಒಡೆಸಿ ಒಂದು ಕಿಟಕಿಯನ್ನೂ ಇಡಿಸಿದರು. ಬೀದಿಯಲ್ಲಿ ಹೋಗುವವರೆಲ್ಲ ಆ ಕಿಟಕಿಗೆ ಉತ್ತರ ಹೇಳಿಯೇ ಹೋಗಬೇಕಾಯಿತು.

ಬಿಳಿ ಬಣ್ಣದ ಬಗ್ಗೆ ನನಗೆ ತಕರಾರಿತ್ತು. ಹಿತ್ತಲ ಕಲ್ಲಿನ ಮೇಲೆ ಕಾಣದ ಮಸಿ, ಜಿಡ್ಡು, ಒಂದು ಅಗುಳು, ಎಲ್ಲವೂ ಇಲ್ಲಿ ಎದ್ದು ಕಾಣುತ್ತಿತ್ತು. ಗೊಣಗಿದರೆ ಅತ್ತೆ, "ಅದು ಮುಚ್ಚಿಡಾಕಿಲ್ಲ ಕಣಮ್ಮಿ, ಅದ್ಕೇ ಒಳ್ಳೇದು" ಎನ್ನುವರು. ಇನ್ನೊಂದು ತಕರಾರನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಹಂಡೆ ತುಂಬಿಸಬೇಕಾದವಳು ನಾನು. ಅತ್ತೆ ನಲ್ಲಿ ತಿರುಗಿಸಿ ಸಂತೋಷಪಡುವ ಪ್ರತಿ ಸಲ ನನಗೆ ಬಾವಿಯ ಹಗ್ಗ ನೆನಪಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಜವರಪ್ಪ ಬಂದ. ತೊಟ್ಟಿ ನೋಡಿ ಹೌಹಾರಿದ. ಮೈಸೂರಿನಲ್ಲಿ ಯಾವುದೋ ಬಂಗಲೆಗೆ ತುಪ್ಪ ಕೊಡಲು ಹೋದಾಗ ಇಂಥದ್ದೇ ಬಿಳಿ ಪಿಂಗಾಣಿ ಕಂಡಿದ್ದನಂತೆ.

"ಅಕ್ಕ, ನಿಂಗೆ ಬುದ್ಧಿ ಅದಾ? ಇದು ಕಕ್ಕಸು ಕಣಕ್ಕ! ದೊರೆಗಳು ಇದ್ರ ಮೇಲೆ ಕೂತ್ಕೊತಾರೆ!"

ಅತ್ತೆ ತಣ್ಣಗೆ ಹೇಳಿದರು. "ಎಲ್ಲಿ, ಹತ್ತಿ ಕೂತ್ಕೊಂಡು ತೋರ್ಸು ನೋಡನ."

ಜವರಪ್ಪ ತೊಟ್ಟಿಯ ಎತ್ತರ ನೋಡಿದ, ಆಳ ನೋಡಿದ, ಜಗಲಿಯ ಕಡೆ ಹೊರಟ. ಆದರೆ ಆ ಮಾತು ಅವನಿಗಿಂತ ಮೊದಲೇ ಹೊರಗೆ ನಡೆದಿತ್ತು. ದೊಡ್ಡತಾಯಮ್ಮನ ಮನೆಯಲ್ಲಿ ದೊರೆಯ ಕಕ್ಕಸಿನಲ್ಲಿ ಪಾತ್ರೆ ತೊಳೆಯುತ್ತಾರಂತೆ! ಮಜ್ಜಿಗೆಗೆ ಬರುತ್ತಿದ್ದವರು ಬರಲಿಲ್ಲ. ಬಂದವರಿಗೆಲ್ಲ ಸರಿಯಾಗಿ ಅಂದೇ ಉಪವಾಸವಂತೆ. ಅತ್ತೆ ಕಿಟಕಿಯಿಂದ ಕರೆದು ಮಾತಾಡಿಸಿದರೆ ಜನ ನಕ್ಕು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಗೌರಿಗೆ ಅಂತರಸಂತೆಯಿಂದ ಸಂಬಂಧ ಬಂದಿತ್ತು. ಒಳ್ಳೆಯ ಬೇಸಾಯದ ಮನೆ, ಗೌರಿಗೂ ಮನಸ್ಸಿತ್ತು. ಗಂಡಿನ ತಾಯಿ, ಮನೆಯ ಗಂಡಸರು ಹೆಣ್ಣು ನೋಡಲು ಬರುವ ದಿನ ಗೊತ್ತಾಗಿತ್ತು. ಕಾಡಂಚಿನ ಆ ಊರಿಗೂ ಸುದ್ದಿ ಮುಟ್ಟಿದೆ ಎಂದು ತಿಳಿಯಿತು. ಬಂದವರು ನಮ್ಮಲ್ಲಿ ಊಟ ಮಾಡದೆ ಎದ್ದು ಹೋದರೆ ಆ ಸಂಬಂಧ ಮುರಿದ ಹಾಗೇ.

ಗೌರಿ ಅತ್ತುಬಿಟ್ಟಳು. "ನಿಂಗೆ ತೊಟ್ಟಿ ಎಚ್ಚೋ ನಾನ್ ಎಚ್ಚೋ ಹೇಳವ್ವ."

ನೆಂಟರು ಬರುವ ಬೆಳಗ್ಗೆ ಅತ್ತೆ ಒಂದು ಹಳೆಯ ಸೀರೆ ತಂದು ತೊಟ್ಟಿಯ ಮೇಲೆ ಹೊದಿಸಿದರು. ಅಂಚು ಕಾಣದ ಹಾಗೆ ಮೂಲೆಗಳನ್ನು ಒಳಕ್ಕೆ ಸಿಕ್ಕಿಸಿದರು. "ನಾಳಿಕ್ ಕಿತ್ತು ಕೊಟ್ಗೆಗಾಕ್ಬುಡ್ಲಾ" ಎಂದು ಮಗನಿಗೆ ಹೇಳಿ, ಹೋಗಿ ರಾಗಿ ಪೆಟ್ಟಿಗೆಯ ಮೇಲೆ ಕೂತರು. ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡರು. ಪಾತ್ರೆಗಳನ್ನು ನಾನು ಹಿತ್ತಲಲ್ಲಿ ತೊಳೆದೆ. ತಪ್ಪಲೆಯ ತಳ ನೋಡಿಕೋ ಎಂದು ಅವರು ಹೇಳಲೇ ಇಲ್ಲ. ಅಂದು ಹಂಡೆಗೆ ನೀರು ಸೇದುವ ಕೆಲಸ ತಪ್ಪಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಗಂಡಿನ ತಾಯಿ ಎತ್ತರದ ದನಿಯ, ದಪ್ಪ ಮೈಯ ಹೆಂಗಸು. ಹೆಣ್ಣನ್ನು ನೋಡಿದ್ದಾಯಿತು, ಎಲೆ ಅಡಿಕೆ ಆಯಿತು. ಗಂಡಸರು ಜಗಲಿಯಲ್ಲಿ ಕೂತಿದ್ದರು. ಆಕೆ ಮಾತ್ರ ಎದ್ದು ಅಡುಗೆಮನೆಗೇ ಬಂದರು. ಸೀರೆ ಹೊದ್ದ ತೊಟ್ಟಿಯ ಮೇಲೆ ಕಣ್ಣಿಟ್ಟು, "ಅದೇನೋ ತಂದಿದ್ದೀರಂತಲ್ಲ" ಎಂದರು.

ಅತ್ತೆ ತಲೆ ತಗ್ಗಿಸಿದರು. ಪ್ರಪಂಚದ ಪ್ರತಿಯೊಂದನ್ನೂ ಕೇಳಿ ಹೇಳಿ ಮಾಡುತ್ತಿದ್ದ ಬಾಯಿ ಕಟ್ಟಿಹೋಗಿತ್ತು. ನನಗೆ ಅದೆಲ್ಲಿಂದ ಧೈರ್ಯ ಬಂತೋ, ಹೋಗಿ ಸೀರೆ ಎಳೆದುಬಿಟ್ಟೆ. ಕಿಟಕಿಯ ಬೆಳಕು ಬಿದ್ದು ತೊಟ್ಟಿ ಫಳಫಳ ಎಂದಿತು. ಹಂಡೆಯಲ್ಲಿ ತಳಮಟ್ಟ ಉಳಿದಿದ್ದ ನೀರನ್ನು ನಲ್ಲಿ ತಿರುಗಿಸಿ ಬಿಟ್ಟೆ.

"ಇದು ಪಾತ್ರೆ ತೊಳ್ಯಾದು ಕಣವ್ವ. ನಮ್ಮತ್ತೆಗೆ ಮಂಡಿ ಮಡ್ಚಾಕಾಗಲ್ಲ. ನಿಂತ್ಕೊಂಡು ತೊಳೀತಾರೆ."

ಆಕೆ ಮುಖ ಕಿವುಚಿಕೊಂಡೇ ಹತ್ತಿರ ಬಂದರು. ಬಗ್ಗಿ ನೋಡಿದರು. ನೀರು ಸುತ್ತಿ ಸುತ್ತಿ ತೂತಿನಲ್ಲಿ ಇಳಿಯಿತು. ಕಿವುಚಿದ ಮುಖ ಹಾಗೇ ಸಡಿಲವಾಗುತ್ತಾ ಬಂತು.

"ನೀರೆಲ್ಲೋಯ್ತು?" ಎಂದರು.

ಪೆಟ್ಟಿಗೆಯ ಮೇಲಿಂದ ಅತ್ತೆ ತಲೆಯೆತ್ತಿದರು. "ಬನ್ನಿ ತೋರಿಸ್ತೀನಿ" ಎಂದು ಎದ್ದೇಬಿಟ್ಟರು.

ಜಗಲಿಯಲ್ಲಿ ಗಂಡಸರು ಊಟ ಯಾವಾಗ, ಇದೆಯೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೆ, ಇವರಿಬ್ಬರು ಮನೆ ಸುತ್ತಿ ಹಿತ್ತಲಿಗೆ ಹೋದರು. ನಾನು ಒಳಗಿಂದ ನೀರು ಬಿಡಬೇಕು, ಅವರು ಹೊರಗೆ ನೋಡಬೇಕು. "ಬುಡು!" ಎಂದು ಕೂಗಿದರೆ ಬಿಡುತ್ತಿದ್ದೆ. "ಬಂತು ಬಂತು!" ಎಂದು ಅಂತರಸಂತೆಯ ದನಿ ಕೇಳುತ್ತಿತ್ತು. ಹಂಡೆ ಖಾಲಿಯಾದ ಮೇಲೂ ಅವರು ಅಲ್ಲೇ ನಿಂತು ಕೆಸುವಿನ ಎಲೆ, ಬಿದಿರಿನ ಗೆಣ್ಣು, ಮಂಡಿನೋವು, ಎಲ್ಲ ಮಾತಾಡಿದರು. ಒಳಗೆ ಬಂದಾಗ ಗಂಡಿನ ತಾಯಿ ಸೆರಗು ಸಿಕ್ಕಿಸಿಕೊಂಡು ನನ್ನನ್ನು ಕೇಳಿದರು. "ಒಂದು ಪಾತ್ರೆ ಕೊಡು ಕೂಸೇ, ನಾನೂ ತೊಳ್ದು ನೋಡ್ತೀನಿ."

ಅವರು ತೊಳೆದ ತಪ್ಪಲೆಯಲ್ಲೇ ಅಂದು ಸಾರು ಕಾಯಿಸಿದೆ. ಎಲ್ಲರೂ ಉಂಡರು. ಸೋದರಮಾವನೆಂದು ಬಂದಿದ್ದ ಜವರಪ್ಪ ಎರಡು ಸಲ ಬಡಿಸಿಕೊಂಡ. ಮದುವೆ ನಿಶ್ಚಯವಾಯಿತು. ಮುಂದೆ ಅಂತರಸಂತೆಯ ಕಡೆ ಹೋದಾಗಲೆಲ್ಲ ಆ ತೊಟ್ಟಿಯನ್ನು ಹರಾಜಿನಲ್ಲಿ ತಾನೇ ಆರಿಸಿ ಕೊಡಿಸಿದೆ ಎಂದು ಜವರಪ್ಪ ಹೇಳಿಕೊಂಡು ತಿರುಗಿದನಂತೆ. ಅತ್ತೆಗೆ ಹೇಳಿದರೆ, "ಬುಡು, ಕಕ್ಕಸು ಅನ್ನೋದಕ್ಕಿಂತ ವಾಸಿ" ಎಂದು ನಕ್ಕರು.

ಗೌರಿ ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅತ್ತೆ ತೊಳೆಯುವರು, ನಾನು ನೀರು ತರುವುದು, ಒಲೆ ನೋಡುವುದು. ಅವರು ದಣಿದು ಮಲಗಿದಾಗ ಉಳಿದ ಪಾತ್ರೆಗಳನ್ನು ನಾನೇ ತೊಳೆಯುತ್ತಿದ್ದೆ. ಮರುವರ್ಷ ನಾನು ಬಸುರಿಯಾದೆ. ತಿಂಗಳು ತುಂಬುತ್ತಾ ಬಂದ ಹಾಗೆ ಹಿತ್ತಲಲ್ಲಾಗಲಿ ಒಲೆಯ ಮುಂದಾಗಲಿ ಕುಕ್ಕರಗಾಲಲ್ಲಿ ಕೂರುವುದು ನನ್ನಿಂದಲೂ ಆಗುತ್ತಿರಲಿಲ್ಲ. ಮಂಡಿ ಮಡಿಚದವರ ಪಾಡು ಏನೆಂದು ಆಗ ಮೈಯಲ್ಲೇ ತಿಳಿಯಿತು. ಯಜಮಾನರು ಯಾರಿಗೂ ಕಾಣದ ಹಾಗೆ ತಾವೇ ಹಂಡೆಗೆ ನೀರು ತುಂಬತೊಡಗಿದರು. ಕಿಟಕಿ ಇದ್ದದ್ದರಿಂದ ಎಲ್ಲರಿಗೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಾನು ಉಂಡ ತಟ್ಟೆಯನ್ನು ಹಿತ್ತಲಿಗೆ ಒಯ್ಯಲು ಹೊರಟೆ. ಸೊಸೆಯ ಎಂಜಲು ತಟ್ಟೆ ಅತ್ತೆ ತೊಳೆಯುವುದೆಂದರೇನು! ಅವರು ತಿರುಗಿ ನೋಡದೆಯೇ ಕೈ ಚಾಚಿದರು. "ಕ್ವಡಿಲ್ಲಿ."

"ಬ್ಯಾಡಿ ಅತ್ತೆ."

"ಕ್ವಡು ಅಂದೆ."

ಕೊಡಲಾರದೆ, ಕೊಡದೆ ಇರಲಾರದೆ, ನಾನೂ ಪಕ್ಕದಲ್ಲಿ ಹೋಗಿ ನಿಂತು ತೊಟ್ಟಿಗೆ ಕೈ ಹಾಕಿದೆ. ಅದು ಇಬ್ಬರಿಗೆ ಸಾಕಾಗುವಷ್ಟು ಅಗಲವಾಗಿತ್ತು. ತಟ್ಟೆ ಅವರು ತಿಕ್ಕಿದರು, ನಾನು ತೊಳೆದೆ. ಸ್ವಲ್ಪ ಹೊತ್ತಿಗೆ ನನಗೆ ಸೊಂಟ ಹಿಡಿದು, ಅರಿವಿಲ್ಲದೆ "ಅಮ್ಮಾ" ಎಂದೆ. ಅತ್ತೆ ನನ್ನ ಕಡೆ ತಿರುಗಿದರು. ತಿರುಗಿ, ಮುಖ ನೋಡಲು ತಲೆ ಮೇಲೆತ್ತಿದರು. ಹಾಗೇ ನೋಡುತ್ತಾ ನಿಂತರು.

ಆ ಮನೆಗೆ ಬಂದಂದಿನಿಂದ ಅವರು ಪೆಟ್ಟಿಗೆಯ ಮೇಲೆ ಕೂತವರು, ನಾನು ನೆಲದ ಮೇಲೆ ಕೂತವಳು. ಅವರು ನಿಂತಿದ್ದರೆ ನಾನು ಕೊಡ ಹೊತ್ತು ಹೊರಗೆ. ಗಾಡಿ ಹತ್ತಿಸುವಾಗಲೂ ಬಗ್ಗಿ ಅವರ ಕೈಯ ಕೆಳಗೆ ಭುಜ ಕೊಟ್ಟವಳು. ಹೀಗೆ ಭುಜಕ್ಕೆ ಭುಜ ತಾಗಿಸಿ ನಾವಿಬ್ಬರೂ ಸುಮ್ಮನೆ ನಿಂತದ್ದು ಅದೇ ಮೊದಲು.

"ನೀನು ಇಷ್ಟುದ್ದ ಇದ್ದೀಯೇನಮ್ಮಿ?" ಎಂದರು.

ಅವರು ನನ್ನ ಕಿವಿಯವರೆಗೂ ಬರುತ್ತಿರಲಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಬೆನ್ನು ನೋಡಿದರು, ಬಗ್ಗಿದ ಸೊಂಟ ನೋಡಿದರು, ತೊಟ್ಟಿಯ ಅಂಚು ನೋಡಿದರು. ಒದ್ದೆ ಕೈಯನ್ನೇ ನನ್ನ ನಡುವಿಗೆ ಇಟ್ಟು ಎಷ್ಟು ಬಗ್ಗಿದ್ದೇನೆಂದು ಅಳೆದರು.

"ಇಷ್ಟು ದಿವ್ಸ ಇಂಗೆ ಬಗ್ಗೇ ತೊಳೀತಿದ್ದಾ? ನಂಗ್ಯಾಕೆ ಹೇಳ್ನಿಲ್ಲ?"

"ನಿಮ್ಮ ಅಳತೆಗೆ ಕಟ್ಸಿರೋದಲ್ವಾ ಅತ್ತೆ."

ಅವರು ಮಗನನ್ನು ಕೂಗಿದರು. ಯಜಮಾನರು ಏನಾಯಿತೋ ಎಂದು ಹೊಲದ ಮಣ್ಣಿನ ಕೈಯಲ್ಲೇ ಓಡಿ ಬಂದರು.

"ಗಾರೆಯೋನ್ನ ಕರ್ಸ್ಲಾ. ತೊಟ್ಟಿ ಇನ್ನೊಂದು ಇಟ್ಟಿಗೆ ಮೇಲಕ್ಕೆ ಎತ್ತಬೇಕು."

"ನಿಂಗೆ ಎಟುಕಬೇಕಲ್ಲವ್ವ?"

"ನಂಗೊಂದು ಚಪ್ಪಡಿ ಹಾಕು, ಅದ್ರ ಮೇಲೆ ನಿಂತ್ಕೊತೀನಿ. ಕುಳ್ಳಿ ಆದೋಳು ಕಲ್ಲಿನ ಮೇಲೆ ನಿಂತ್ಕೊಬೋದು. ಉದ್ದಕಿರೋಳು ಗುಂಡಿ ತೋಡ್ಕೊಂಡು ನಿಂತ್ಕೊಳಾಕಾದದಾ?"

ಗಾರೆಯವನು ಬಂದ. ತೊಟ್ಟಿ ಇಳಿಸಿ, ಎರಡೂ ಕಂಬಗಳ ಮೇಲೆ ಒಂದೊಂದು ವರಸೆ ಇಟ್ಟಿಗೆ ಏರಿಸಿ ಮತ್ತೆ ಕೂರಿಸಿದ. ಗಾರೆ ಒಣಗುವವರೆಗೆ ಕಾದು, ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಚಪ್ಪಡಿ ಹತ್ತಿದರು. ಮೊದಲು ಒಳ್ಳೆಯ ಕಾಲು, ಆಮೇಲೆ ಮಡಿಚದ ಕಾಲು. ನಾನು ಪಕ್ಕದಲ್ಲಿ ನೆಟ್ಟಗೆ ನಿಂತೆ. ಅವರು ಕತ್ತು ತಿರುಗಿಸಿ ನೋಡಿದರು. ಈ ಸಲ ತಲೆ ಎತ್ತಬೇಕಾಗಲಿಲ್ಲ.

"ಆ, ಈಗ ಮಖ ಕಾಣ್ತದೆ" ಎಂದು ಹೇಳಿ ನನ್ನ ಕೈಯಿಂದ ತಪ್ಪಲೆ ತೆಗೆದುಕೊಂಡರು.